‘ಹ್ಯಾಡ್’ ಅಂದರೆ ನಿನ್ನೆಯೇ ಆಗಬೇಕಿಲ್ಲ: ಇಂಗ್ಲಿಷ್ ಕ್ರಿಯಾಪದದ ‘ಈ’ ಮತ್ತು ‘ಆ’

ಅಣ್ಣನ ಮಗಳು ಇಂಗ್ಲಿಷ್ ಹೋಂವರ್ಕ್ ಮಾಡುತ್ತಾ ಕೂತಿದ್ದಳು. ಒಂದು ವಾಕ್ಯದ ಹತ್ತಿರ ಪೆನ್ಸಿಲ್ ನಿಂತಿತು. ‘ಇಫ್ ಐ ಹ್ಯಾಡ್ ಎ ಸೈಕಲ್, ಐ ವುಡ್ ರೈಡ್ ಟು ಸ್ಕೂಲ್.’

“ಚಿಕ್ಕಪ್ಪಾ, ಹ್ಯಾಡ್ ಅಂದ್ರೆ ಪಾಸ್ಟ್ ಟೆನ್ಸ್ ಅಲ್ವಾ? ಹಾಗಾದ್ರೆ ಇವನ ಹತ್ರ ಮುಂಚೆ ಸೈಕಲ್ ಇತ್ತಾ?”

ಮುಂಚೆ ಇತ್ತೋ ಇಲ್ಲವೋ ವಾಕ್ಯ ಹೇಳುವುದಿಲ್ಲ. ಈಗಂತೂ ಇಲ್ಲ. ಆ ವಾಕ್ಯದಲ್ಲಿ ನಿನ್ನೆಯ ಸುದ್ದಿಯೇ ಇಲ್ಲ. ಆದರೂ ಕ್ರಿಯಾಪದ ಭೂತಕಾಲದಲ್ಲಿದೆ. ನಾನು ಶಾಲೆಯಲ್ಲಿದ್ದಾಗ ಇದನ್ನೇ ಕೇಳಿದ್ದೆ. ‘ಅದು ರೂಲ್, ಬಾಯಿಪಾಠ ಮಾಡು’ ಅಂತ ಉತ್ತರ ಬಂದಿತ್ತು. ಅದೇ ಉತ್ತರವನ್ನು ಅವಳಿಗೆ ದಾಟಿಸಲು ಮನಸ್ಸಾಗಲಿಲ್ಲ.

ಈ ಪ್ರಶ್ನೆ ಈಗ ಬಹಳ ಮನೆಗಳಲ್ಲಿ ಏಳುತ್ತಿದೆ. 2019–20ರಲ್ಲಿ ರಾಜ್ಯದ ಸುಮಾರು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾದವು. ಆಗ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳು ಈಗ ವ್ಯಾಕರಣದ ವಯಸ್ಸಿಗೆ ಬಂದಿದ್ದಾರೆ. ಮನೆಯಲ್ಲಿ ಇಂಗ್ಲಿಷ್ ಆಡದ ಅಪ್ಪ ಅಮ್ಮಂದಿರೂ ಅವರ ಪಕ್ಕ ಪುಸ್ತಕ ಹಿಡಿದು ಕೂರಬೇಕಾಗಿದೆ. ಅವರಿಗೆ ಉಪಯೋಗವಾಗುವ ಒಂದು ನೋಟ ಭಾಷಾವಿಜ್ಞಾನದಲ್ಲಿದೆ. ಅದಕ್ಕೆ ಬೇಕಾದ ಮುಖ್ಯ ಸಲಕರಣೆ ನಮ್ಮ ಕನ್ನಡದಲ್ಲೇ ಇದೆ.

## ಕಾಲ ಒಂದು, ರೂಪ ಇನ್ನೊಂದು

ಗೊಂದಲ ಶುರುವಾಗುವುದೇ ‘ಕಾಲ’ ಎಂಬ ಪದದಿಂದ. ಇಂಗ್ಲಿಷಿನಲ್ಲಿ ಟೈಮ್ ಬೇರೆ, ಟೆನ್ಸ್ ಬೇರೆ. ಟೈಮ್ ಅಂದರೆ ಗಡಿಯಾರವೋ ಕ್ಯಾಲೆಂಡರೋ ತೋರಿಸುವುದು. ಟೆನ್ಸ್ ಅಂದರೆ ಕ್ರಿಯಾಪದ ತಾಳುವ ರೂಪ. ಕನ್ನಡದಲ್ಲಿ ಎರಡಕ್ಕೂ ‘ಕಾಲ’ ಅನ್ನುತ್ತೇವೆ. ಹಾಗಾಗಿ ಭೂತಕಾಲದ ರೂಪ ಕಂಡ ತಕ್ಷಣ ಇದು ಮುಗಿದುಹೋದ ಸಂಗತಿ ಅಂದುಕೊಳ್ಳುತ್ತೇವೆ. (ಟೆನ್ಸ್ ಎಂಬ ಪದವೂ ಲ್ಯಾಟಿನ್ನಿನ ‘ಟೆಂಪುಸ್’ನಿಂದ ಬಂದದ್ದು. ಅದರ ಅರ್ಥವೂ ಕಾಲವೇ.)

ಇನ್ನು ಶಾಲೆಯಲ್ಲಿ ಕಲಿಸುವ ಹನ್ನೆರಡು ಮನೆಯ ಕೋಷ್ಟಕ. ಮೂರು ಕಾಲ, ಒಂದೊಂದಕ್ಕೂ ನಾಲ್ಕು ಬಗೆ. ಆದರೆ ಕ್ರಿಯಾಪದವನ್ನಷ್ಟೇ ಕೈಗೆತ್ತಿಕೊಂಡು ನೋಡಿ. ‘ಗೋ, ಗೋಸ್’ ಒಂದು ಕಡೆ. ‘ವೆಂಟ್’ ಇನ್ನೊಂದು ಕಡೆ. ನಾಳೆಗೆಂದು ಮೂರನೇ ರೂಪ ಇಲ್ಲವೇ ಇಲ್ಲ. ‘ವಿಲ್’ ಎಂಬ ಬೇರೆ ಪದವನ್ನು ಮುಂದೆ ಜೋಡಿಸಬೇಕು. ಲ್ಯಾಟಿನ್ನಿನಲ್ಲಿ ಹಾಗಲ್ಲ. ‘ಅಮೋ’ ಅಂದರೆ ಪ್ರೀತಿಸುತ್ತೇನೆ, ‘ಅಮಾಬೋ’ ಅಂದರೆ ಮುಂದೆ ಪ್ರೀತಿಸುವೆ. ಪದವೇ ಬದಲಾಗುತ್ತದೆ. ಇಂಗ್ಲಿಷ್ ಭಾಷೆಯ ಮೊದಲ ವ್ಯಾಕರಣವನ್ನು 1586ರಲ್ಲಿ ವಿಲಿಯಂ ಬುಲೊಕರ್ ಪ್ರಕಟಿಸಿದ. ಅವನೂ ಅವನ ನಂತರದ ಅನೇಕರೂ ಲ್ಯಾಟಿನ್ನಿನ ಅಳತೆ ಇಟ್ಟುಕೊಂಡೇ ಇಂಗ್ಲಿಷಿಗೆ ಅಂಗಿ ಹೊಲಿದರು. ಮೂರು ಕಾಲದ ಲೆಕ್ಕಕ್ಕೆ ಆ ಅಳತೆಯೂ ಒಂದು ಕಾರಣ.

ಈಗಿನ ಬಹುಪಾಲು ಭಾಷಾವಿಜ್ಞಾನಿಗಳ ಪ್ರಕಾರ ಇಂಗ್ಲಿಷ್ ಕ್ರಿಯಾಪದಕ್ಕೆ ಟೆನ್ಸ್ ಇರುವುದು ಎರಡೇ. ಕನ್ನಡದ ಬಗ್ಗೆಯೂ ಡಿ.ಎನ್. ಶಂಕರ ಭಟ್ಟರು ಇಂಥದ್ದೇ ಮಾತು ಹೇಳಿದ್ದರು. ‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’ ಎರಡರಲ್ಲೂ ರೂಪ ಒಂದೇ. ‘ಬಂದೆ’ ಮಾತ್ರ ಬೇರೆ.

ಎರಡೇ ರೂಪ ಅಂದಮೇಲೆ, ಆ ಎರಡರ ನಡುವಿನ ವ್ಯತ್ಯಾಸ ನಿಜವಾಗಿ ಏನು?

## ವ್ಯಾಕರಣದ ಬೇರು ಮೈಯಲ್ಲಿದೆ

ಕಾಗ್ನಿಟಿವ್ ಲಿಂಗ್ವಿಸ್ಟಿಕ್ಸ್ ಎಂಬುದು 1970–80ರ ದಶಕಗಳಲ್ಲಿ ಬೆಳೆದ ವಿಚಾರಧಾರೆ. ಅರಿವಿನ ಭಾಷಾವಿಜ್ಞಾನ ಅನ್ನೋಣ. ಕ್ಯಾಲಿಫೋರ್ನಿಯಾದ ಇಬ್ಬರ ಹೆಸರು ಇದರಲ್ಲಿ ದೊಡ್ಡದು. ಬರ್ಕ್ಲಿಯ ಜಾರ್ಜ್ ಲೇಕಾಫ್, ಸ್ಯಾನ್ ಡಿಯೇಗೋದ ರೊನಾಲ್ಡ್ ಲ್ಯಾಂಗಕರ್.

ಇವರು ಹೇಳುವುದು ಸರಳ. ನಾವು ನೋಡುವುದು, ನಡೆಯುವುದು, ಹಿಡಿಯುವುದು, ದೂರ ಸರಿಯುವುದು ಈ ಅನುಭವಗಳ ಮೇಲೇ ಭಾಷೆ ಕಟ್ಟಿಕೊಂಡಿದೆ. ಕಾಲವನ್ನು ಯಾರೂ ಮುಟ್ಟಿಲ್ಲ, ಕಂಡಿಲ್ಲ. ಅದಕ್ಕೇ ಜಾಗದ ಮಾತಿನಲ್ಲಿ ಅದನ್ನು ಹಿಡಿಯುತ್ತೇವೆ. ‘ಯುಗಾದಿ ಹತ್ತಿರ ಬಂತು’ ಅನ್ನುತ್ತೇವೆ, ಅದು ನಡೆದುಕೊಂಡು ಬರುತ್ತಿರುವ ಹಾಗೆ. ಬೆನ್ನ ಕಡೆಗಿರುವುದು ‘ಹಿಂದಿನ ವಾರ’, ಮುಖದ ಕಡೆಗಿರುವುದು ‘ಮುಂದಿನ ವಾರ’.

ಅವರ ಇನ್ನೊಂದು ಮಾತು ನಮಗೆ ಇಲ್ಲಿ ಜಾಸ್ತಿ ಮುಖ್ಯ. ‘ಮೇಜು’, ‘ಮರ’ ಎಂಬ ಪದಗಳಿಗೆ ಅರ್ಥ ಇರುವಂತೆ ವ್ಯಾಕರಣದ ಪ್ರತ್ಯಯಗಳಿಗೂ ಅರ್ಥ ಇದೆ. ಒಂದು ರೂಪ ಐದಾರು ಕಡೆ ಬಳಕೆಯಾದರೆ ಸುಮ್ನೆ ಐದಾರು ರೂಲ್ ಬರೆಯಬೇಡಿ, ಅವುಗಳ ನಡುವಿನ ನಂಟು ಹುಡುಕಿ ಅನ್ನುತ್ತಾರೆ.

## ‘ಈ’ ಕಡೆ, ‘ಆ’ ಕಡೆ

ಮಾತಾಡುವವರು, ಕೇಳುವವರು, ಅವರಿರುವ ಜಾಗ, ಆ ಗಳಿಗೆ. ಇಷ್ಟನ್ನೂ ಸೇರಿಸಿ ಲ್ಯಾಂಗಕರ್ ‘ನೆಲ’ ಎಂದು ಕರೆಯುತ್ತಾರೆ. ಮಾತು ಯಾವಾಗಲೂ ಯಾವುದೋ ಒಂದು ನೆಲದ ಮೇಲೆ ನಿಂತೇ ಹುಟ್ಟುತ್ತದೆ. ಇಂಗ್ಲಿಷಿನ ಎರಡು ರೂಪಗಳು ಆ ನೆಲದಿಂದ ಸಂಗತಿ ಎಷ್ಟು ದೂರ ಎಂದು ತೋರಿಸುತ್ತವೆ. ಪ್ರೆಸೆಂಟ್ ರೂಪ ಅಂದರೆ ‘ಇಲ್ಲೇ ಇದೆ’. ಪಾಸ್ಟ್ ರೂಪ ಅಂದರೆ ‘ಇಲ್ಲಿಲ್ಲ, ಅಲ್ಲಿದೆ’.

ಇದನ್ನು ಇಂಗ್ಲಿಷ್ ಮಕ್ಕಳಿಗೆ ವಿವರಿಸುವುದಕ್ಕಿಂತ ಕನ್ನಡದ ಮಕ್ಕಳಿಗೆ ವಿವರಿಸುವುದು ಸುಲಭ ಎಂದು ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಹತ್ತಿರ, ದೂರ ಎಂಬುದು ಒಂದೇ ಅಕ್ಷರದಲ್ಲಿ ತಿರುಗುತ್ತದೆ. ಇಲ್ಲಿ, ಅಲ್ಲಿ. ಇದು, ಅದು. ಹೀಗೆ, ಹಾಗೆ. ಇಂದು, ಅಂದು. ಈಗ, ಆಗ. ಜಾಗಕ್ಕೂ ಅದೇ, ಕಾಲಕ್ಕೂ ಅದೇ.

‘ಆಗ’ ಎಂಬ ಪದವನ್ನು ಇನ್ನೂ ಸ್ವಲ್ಪ ಗಮನಿಸಿ. ‘ಹೋದ ವರ್ಷ ಮೈಸೂರಿಗೆ ಹೋಗಿದ್ದೆವಲ್ಲ, ಆಗ ಕೊಂಡದ್ದು.’ ‘ನಾಳೆ ಸಿಗ್ತೀಯಲ್ಲ, ಆಗ ಕೊಡ್ತೀನಿ.’ ಒಂದು ಹಿಂದೆ, ಒಂದು ಮುಂದೆ. ಎರಡರಲ್ಲೂ ಸಮಾನವಾಗಿರುವುದು ಒಂದೇ: ‘ಈಗ ಅಲ್ಲ’. ದೂರ ಎಂಬ ಅರ್ಥ ಕಾಲಕ್ಕಿಂತ ದೊಡ್ಡದು. ಭೂತಕಾಲ ಅದರ ಒಂದು ಬಗೆ ಮಾತ್ರ.

ಹಾಗಾಗಿ ಪ್ರೆಸೆಂಟನ್ನು ‘ಈ ರೂಪ’, ಪಾಸ್ಟನ್ನು ‘ಆ ರೂಪ’ ಅಂದುಕೊಂಡು ಮುಂದೆ ಹೋಗೋಣ.

## ಇಲ್ಲದ ಸೈಕಲ್, ಬೇಕಿದ್ದ ಸಹಿ

ಕಾಲದ ದೂರ ಎಲ್ಲರಿಗೂ ಗೊತ್ತಿರುವುದೇ. ‘ಐ ಲಿವ್ಡ್ ಇನ್ ಹಾಸನ್’ ಅಂದರೆ ಹಾಸನದಲ್ಲಿದ್ದದ್ದು ಆಗ.

ಎರಡನೆಯದು ವಾಸ್ತವದಿಂದ ದೂರ. ‘ಇಫ್ ಐ ಹ್ಯಾಡ್ ಎ ಸೈಕಲ್’ ಎನ್ನುವವನ ಸೈಕಲ್ ನಿನ್ನೆಯದಲ್ಲ, ಅದು ಇನ್ನೊಂದು ಲೋಕದ್ದು. ಅವನು ನಿಂತ ನೆಲದಲ್ಲಿ ಸೈಕಲ್ ಇಲ್ಲ. ಹಾಗಾಗಿ ‘ಆ’ ರೂಪ. ‘ಐ ವಿಶ್ ಐ ನ್ಯೂ’ ಅನ್ನುವಾಗಲೂ ಇದೇ. ಗೊತ್ತಿದ್ದರೆ ಚೆನ್ನಾಗಿತ್ತು, ಆದರೆ ಗೊತ್ತಿಲ್ಲ. ‘ಇಟ್ಸ್ ಟೈಮ್ ವಿ ಲೆಫ್ಟ್’ ಎನ್ನುವವರು ಇನ್ನೂ ಹೊರಟೇ ಇಲ್ಲ.

ಇದರಲ್ಲಿ ಹೇಳುವವರಿಗೆ ಆಯ್ಕೆಯೂ ಇದೆ. ‘ಇಫ್ ಇಟ್ ರೇನ್ಸ್ ಟುಮಾರೊ’ ಅಂದರೆ ನಾಳೆ ಮಳೆ ಬರಬಹುದು, ಕೊಡೆ ತೆಗೆದಿಡಿ. ‘ಇಫ್ ಇಟ್ ರೇನ್ಡ್ ಟುಮಾರೊ’ ಅಂದರೆ ಬರುವುದು ಅನುಮಾನ, ಸುಮ್ನೆ ಒಂದು ಊಹೆ. ನಾಳೆ ಎರಡರಲ್ಲೂ ಅದೇ ನಾಳೆ. ಮಳೆಯನ್ನು ಎಷ್ಟು ದೂರದಲ್ಲಿಟ್ಟು ನೋಡುತ್ತಿದ್ದೇವೆ ಎಂಬುದು ಬೇರೆ.

ಇದು ವಿಚಿತ್ರ ಅನ್ನಿಸಿದರೆ ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಿ. ‘ನಾಳೆ ಮಳೆ ಬಂದರೆ.’ ಈ ‘ಬಂದರೆ’ ಎಲ್ಲಿಂದ ಬಂತು? ‘ಬಂದ’ ಎಂಬ ಭೂತಕಾಲದ ರೂಪದಿಂದ. ‘ಮಾಡಿದರೆ’ ಹುಟ್ಟಿದ್ದು ‘ಮಾಡಿದ’ದಿಂದ. ನಾಳೆಯ ಮಾತಿಗೆ ನಾವೂ ಭೂತಕಾಲವನ್ನೇ ಕರೆಯುತ್ತೇವೆ, ದಿನಕ್ಕೆ ಹತ್ತಾರು ಸಲ, ಗಮನಿಸದೆಯೇ. ಮಗಳಿಗೆ ಇದನ್ನು ತೋರಿಸಿದಾಗ ಅವಳು ‘ಹೋದರೆ, ತಿಂದರೆ, ಕೊಟ್ಟರೆ’ ಅಂತ ಒಂದೊಂದನ್ನೇ ಬಿಡಿಸಿ ನೋಡಿದಳು. ಎಲ್ಲದರೊಳಗೂ ಹೋದ, ತಿಂದ, ಕೊಟ್ಟ ಕೂತಿದ್ದವು.

ಎರಡು ಹೆಜ್ಜೆ ದೂರ ಹೋಗಬೇಕಾದರೆ? ಕಾಲವೂ ದೂರ, ವಾಸ್ತವವೂ ದೂರ. ಹೋದ ವರ್ಷ ಸೈಕಲ್ ಇರಲಿಲ್ಲ, ಇದ್ದಿದ್ದರೆ ಬರುತ್ತಿದ್ದೆ. ಆಗ ಇಂಗ್ಲಿಷಿನಲ್ಲಿ ‘ಇಫ್ ಐ ಹ್ಯಾಡ್ ಹ್ಯಾಡ್ ಎ ಸೈಕಲ್’ ಎಂದಾಗುತ್ತದೆ. ಎರಡು ‘ಹ್ಯಾಡ್’ ಕಂಡು ಮಕ್ಕಳು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ನಮ್ಮ ‘ಇದ್ದಿದ್ದರೆ’ಯನ್ನು ಬಿಡಿಸಿ: ಇದ್ದು, ಇದ್ದರೆ. ಅಲ್ಲೂ ಎರಡು ಸಲ.

ಮೂರನೆಯದು ಮನುಷ್ಯರ ನಡುವಿನ ದೂರ. ‘ಐ ವಾಂಟೆಡ್ ಟು ಆಸ್ಕ್ ಯು ಸಮ್‌ಥಿಂಗ್’ ಎಂದು ಒಬ್ಬರು ಬಾಗಿಲಲ್ಲಿ ನಿಂತು ಹೇಳಿದರೆ ಕೇಳಬೇಕಿರುವುದು ಈಗಲೇ. ಆದರೂ ‘ವಾಂಟೆಡ್’. ‘ಕುಡ್ ಯು’, ‘ವುಡ್ ಯು’ ಕೂಡ ‘ಕ್ಯಾನ್’, ‘ವಿಲ್’ ಎಂಬವುಗಳ ‘ಆ’ ರೂಪಗಳೇ. ಇದೂ ನಮಗೆ ಹೊಸದಲ್ಲ. ತಾಲ್ಲೂಕು ಕಚೇರಿಯ ಮೇಜಿನ ಮುಂದೆ ನಿಂತು ‘ಸಾರ್, ಒಂದು ಸಹಿ ಬೇಕಿತ್ತು’ ಅನ್ನುತ್ತೇವಲ್ಲ? ಬೇಕಿರುವುದು ಈಗ. ‘ಬೇಕು’ ಅಂದರೆ ಕಾಗದವನ್ನು ಮುಖಕ್ಕೇ ಹಿಡಿದಂತೆ. ‘ಬೇಕಿತ್ತು’ ಅಂದರೆ ಒಂದು ಹೆಜ್ಜೆ ಹಿಂದೆ ನಿಂತಂತೆ. ಎದುರಿನವರಿಗೆ ‘ಸ್ವಲ್ಪ ಇರಿ’ ಅನ್ನಲು ಜಾಗ ಬಿಟ್ಟಂತೆ.

ಒಂದು ಕಡೆ ಮಾತ್ರ ನಮ್ಮ ಅಭ್ಯಾಸ ಕೈಕೊಡುತ್ತದೆ. ಬೇರೆಯವರ ಮಾತನ್ನು ಹೇಳುವಾಗ ನಾವು ‘ಅಂತ’ ಇಟ್ಟು ಅವರ ಮಾತನ್ನೇ ಎತ್ತಿ ತರುತ್ತೇವೆ. ‘ಹುಷಾರಿಲ್ಲ ಅಂತ ಅಂದಳು.’ ಇಂಗ್ಲಿಷಿನಲ್ಲಿ ಹೇಳುವವರು ತಮ್ಮ ನೆಲ ಬಿಟ್ಟು ಹೋಗುವುದಿಲ್ಲ. ಅಲ್ಲಿಂದಲೇ ನೋಡುತ್ತಾರೆ, ಅವಳು ಅಂದದ್ದೂ ದೂರ, ಅವಳ ಜ್ವರವೂ ದೂರ. ‘ಶಿ ಸೆಡ್ ಶಿ ವಾಸ್ ಇಲ್.’ ಅವಳು ಈಗಲೂ ಮಲಗಿದ್ದಾಳೆ ಎಂದು ಒತ್ತಿ ಹೇಳಬೇಕಾದರೆ ‘ಇಸ್’ ಕೂಡ ಬರುತ್ತದೆ. ಆಗ ಜ್ವರವನ್ನು ‘ಈ’ ಕಡೆಗೆ ಎಳೆದುಕೊಂಡಂತಾಯಿತು.

## ಪ್ರೆಸೆಂಟ್ ಅಂದರೆ ‘ಈಗ’ ಏಕೆ ಅಲ್ಲ?

‘ಈ’ ರೂಪ ಹತ್ತಿರದ್ದು ಅಂದಮೇಲೆ ‘ಐ ವಾಕ್’ ಅಂದರೆ ಈಗ ನಡೆಯುತ್ತಿದ್ದೇನೆ ಎಂದಾಗಬೇಕಿತ್ತು. ಆಗುವುದಿಲ್ಲ. ದಿನಾ ನಡೆಯುತ್ತೇನೆ ಎಂದಾಗುತ್ತದೆ. ಈಗಿನದ್ದಕ್ಕೆ ‘ಐ ಆಮ್ ವಾಕಿಂಗ್’ ಅನ್ನಬೇಕು. ಆದರೆ ‘ಐ ನೋ’ ಅಂದರೆ ಈಗಲೇ ಗೊತ್ತು. ಅಲ್ಲಿ ‘ಐ ಆಮ್ ನೋಯಿಂಗ್’ ಅಂದರೆ ತಪ್ಪು. ಏಕೆ ಹೀಗೆ?

ಲ್ಯಾಂಗಕರ್ ಇದಕ್ಕೆ ಕೊಡುವ ವಿವರಣೆ ನನಗೆ ತುಂಬಾ ಇಷ್ಟ. ಒಂದು ಚೊಂಬು ಮತ್ತು ಅದರೊಳಗಿನ ನೀರನ್ನು ನೆನಪಿಸಿಕೊಳ್ಳಿ. ನೀರನ್ನು ಅರ್ಧ ಮಾಡಿದರೂ ನೀರೇ. ಚೊಂಬನ್ನು ಅರ್ಧ ಮಾಡಿದರೆ ಚೊಂಬಲ್ಲ. ಕ್ರಿಯಾಪದಗಳಲ್ಲೂ ಈ ಎರಡು ಜಾತಿ ಇವೆ. ಗೊತ್ತಿರುವುದು, ಇಷ್ಟವಾಗಿರುವುದು, ನಂಬುವುದು ನೀರಿನ ಹಾಗೆ. ಒಂದು ಸೆಕೆಂಡಿನ ತುಣುಕು ತೆಗೆದರೂ ಅದರಲ್ಲಿ ಗೊತ್ತಿರುವುದು ಪೂರ್ತಿ ಇದೆ. ಮನೆ ಕಟ್ಟುವುದು, ರಸ್ತೆ ದಾಟುವುದು ಚೊಂಬಿನ ಹಾಗೆ. ಅದಕ್ಕೆ ಶುರು ಇದೆ, ಕೊನೆ ಇದೆ. ಒಂದು ಸೆಕೆಂಡಿನ ತುಣುಕಿನಲ್ಲಿ ಇಡೀ ದಾಟುವಿಕೆ ಹಿಡಿಯುವುದಿಲ್ಲ.

‘ಈ’ ರೂಪ ಕೇಳುವುದು ಇಷ್ಟೇ: ನಾನು ಮಾತಾಡುವ ಗಳಿಗೆಯಲ್ಲಿ ಇಡೀ ಸಂಗತಿ ಹಿಡಿಸಬೇಕು. ಗೊತ್ತಿರುವುದು ಹಿಡಿಸುತ್ತದೆ, ಆದ್ದರಿಂದ ‘ಐ ನೋ’. ರಸ್ತೆ ದಾಟುವುದು ಹಿಡಿಸುವುದಿಲ್ಲ. ಆಗ ‘ಇಂಗ್’ ಬೇಕು. ‘ಇಂಗ್’ ಮಾಡುವುದು ಕ್ಯಾಮೆರಾದ ಝೂಮ್ ಮಾಡುವ ಕೆಲಸ. ಕೆಲಸದ ಒಳಗೆ ಹೋಗಿ ನಿಂತರೆ ಶುರುವೂ ಕಾಣದು, ಕೊನೆಯೂ ಕಾಣದು. ಎಲ್ಲ ಕಡೆ ದಾಟುತ್ತಿರುವುದೇ ಕಾಣುತ್ತದೆ. ಚೊಂಬು ನೀರಾಯಿತು. ಅದಕ್ಕೇ ‘ಹಿ ವಾಸ್ ಕ್ರಾಸಿಂಗ್ ದ ರೋಡ್’ ಅಂದರೆ ಅವನು ಆಚೆ ದಡ ಸೇರಿದನೋ ಇಲ್ಲವೋ ಗೊತ್ತಾಗುವುದಿಲ್ಲ.

ಮೊದಲೇ ನೀರಾಗಿರುವುದಕ್ಕೆ ಝೂಮ್ ಯಾಕೆ? ‘ನೋಯಿಂಗ್’ ತಪ್ಪಾಗುವುದು ಇದರಿಂದ. ಕೆಲವು ಸಲ ಬೇಕೆಂದೇ ಹಾಕುತ್ತಾರೆ, ಆಗ ಅರ್ಥ ಸ್ವಲ್ಪ ಬದಲಾಗುತ್ತದೆ. ‘ಹಿ ಲಿವ್ಸ್ ಇನ್ ಬೆಂಗಳೂರು’ ಅಂದರೆ ಅವನ ಮನೆಯೇ ಅಲ್ಲಿ. ‘ಹಿ ಇಸ್ ಲಿವಿಂಗ್ ಇನ್ ಬೆಂಗಳೂರು’ ಅಂದರೆ ಸದ್ಯಕ್ಕೆ ಅಲ್ಲಿದ್ದಾನೆ. ‘ಇಂಗ್’ ಬಂದ ಕೂಡಲೇ ಆ ವಾಸಕ್ಕೂ ಎಲ್ಲೋ ಒಂದು ಕೊನೆ ಇದೆ ಎಂಬ ಭಾವ ಬರುತ್ತದೆ.

ಚೊಂಬಿನ ಜಾತಿಯ ಕ್ರಿಯಾಪದವೂ ಒಮ್ಮೊಮ್ಮೆ ‘ಇಂಗ್’ ಇಲ್ಲದೆ ಈಗಿನದ್ದನ್ನೇ ಹೇಳುತ್ತದೆ. ‘ಐ ಪ್ರಾಮಿಸ್’ ಅನ್ನುವಾಗ ಮಾತು ಕೊಡುವ ಕೆಲಸ ನಡೆಯುವುದೇ ಆ ಮಾತಿನಲ್ಲಿ. ಹೇಳಿ ಮುಗಿಯುವುದಕ್ಕೂ ಕೆಲಸ ಮುಗಿಯುವುದಕ್ಕೂ ಸರಿಹೋಗುತ್ತದೆ. ಇಂಗ್ಲಿಷಿನ ಕ್ರಿಕೆಟ್ ಕಾಮೆಂಟರಿಯೂ ಹಾಗೇ. ‘ಹಿ ಬೌಲ್ಸ್, ಕೊಹ್ಲಿ ಡ್ರೈವ್ಸ್.’ ಚೆಂಡಿನ ವೇಗಕ್ಕೆ ಬಾಯಿಯ ವೇಗ ಹೊಂದಿಕೊಂಡಿದೆ. ಅದೇ ಫೀಲ್ಡರ್ ಬೌಂಡರಿ ತನಕ ಓಡಬೇಕಾದರೆ ‘ಹಿ ಇಸ್ ಚೇಸಿಂಗ್’ ಎಂದಾಗುತ್ತದೆ. ಮುಂದಿನ ಮ್ಯಾಚಿನಲ್ಲಿ ಕಿವಿಗೊಟ್ಟು ಕೇಳಿ.

## ‘ಹ್ಯಾವ್’: ಕೈಯಲ್ಲಿ ಉಳಿದದ್ದು

‘ಹ್ಯಾವ್’ ಅಂದರೆ ಹೊಂದಿರುವುದು, ಹತ್ತಿರ ಇಟ್ಟುಕೊಂಡಿರುವುದು. ‘ಐ ಹ್ಯಾವ್ ರಿಟನ್ ದ ಲೆಟರ್’ ಎಂಬ ರಚನೆಯೂ ಹುಟ್ಟಿದ್ದು ‘ಬರೆದು ಮುಗಿಸಿದ ಪತ್ರ ನನ್ನ ಹತ್ತಿರ ಇದೆ’ ಎಂಬಂಥ ಮಾತಿನಿಂದ. ಕೆಲಸ ಹಿಂದೆ ಆಯಿತು, ಫಲ ಈಗ ಕೈಯಲ್ಲಿದೆ. ಒತ್ತು ಫಲದ ಮೇಲೆ. ಕನ್ನಡ ಇದೇ ಕೆಲಸಕ್ಕೆ ‘ಇರು’ವನ್ನು ಹಿಡಿಯಿತು: ಬರೆದು, ಇದ್ದೇನೆ. ಬರೆದಿದ್ದೇನೆ.

ನಾವು ಸಾಮಾನ್ಯವಾಗಿ ಮಾಡುವ ಒಂದು ತಪ್ಪು ಇಲ್ಲಿದೆ. ‘ನಿನ್ನೆ ಅವರನ್ನು ನೋಡಿದ್ದೇನೆ’ ಎನ್ನುವುದು ಕನ್ನಡದಲ್ಲಿ ಸರಿ. ಅದನ್ನೇ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಎಂದು ತಂದರೆ ಇಂಗ್ಲಿಷ್ ಕಿವಿಗೆ ಒಗ್ಗುವುದಿಲ್ಲ. ‘ಹ್ಯಾವ್’ ಎಂಬುದು ‘ಈ’ ರೂಪ, ಅದು ಈಗಿನ ಸ್ಥಿತಿ ಹೇಳುತ್ತಿದೆ. ‘ಯೆಸ್ಟರ್ಡೇ’ ಬೆರಳು ತೋರಿಸುವುದು ‘ಆ’ ಕಡೆಗೆ. ಎರಡೂ ಒಂದೇ ವಾಕ್ಯದಲ್ಲಿ ಎಳೆದಾಡುತ್ತವೆ. ಯಾವಾಗ ಎಂದು ಹೇಳುವಿರಾದರೆ ‘ಐ ಸಾ ಹಿಮ್ ಯೆಸ್ಟರ್ಡೇ’. ನೋಡಿ ಗೊತ್ತು ಎಂಬುದಷ್ಟೇ ಮುಖ್ಯವಾದರೆ ‘ಐ ಹ್ಯಾವ್ ಸೀನ್ ಹಿಮ್’.

## ನಾಳೆಗೆ ಎರಡು ದಾರಿ

ನಾಳೆಗೆ ಸ್ವಂತ ರೂಪವಿಲ್ಲದ ಇಂಗ್ಲಿಷ್, ಬೇರೆ ಅನುಭವಗಳಿಂದ ಸಾಲ ತಂದಿತು. ‘ವಿಲ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ‘ಬಯಸು’ ಎಂಬ ಕ್ರಿಯಾಪದ. ತಾತ ಆಸ್ತಿಗೆ ಬರೆದಿಡುವ ವಿಲ್, ನಾವು ಉಯಿಲು ಎಂದು ಕರೆಯುವುದು, ಅದೇ ಬೇರಿನದು. ಅದು ಅವರ ಬಯಕೆಯ ಕಾಗದ. ‘ಗೋಯಿಂಗ್ ಟು’ ಬಂದದ್ದು ನಡಿಗೆಯಿಂದ. ಹೊರಟಾಗಿದೆ, ದಾರಿಯಲ್ಲಿದ್ದೇವೆ.

ಮೂಲದ ವಾಸನೆ ಇನ್ನೂ ಹೋಗಿಲ್ಲ. ಕಾಲಿಂಗ್ ಬೆಲ್ ಆದಾಗ ‘ಐ ವಿಲ್ ಗೆಟ್ ಇಟ್’ ಎಂದು ಎದ್ದು ಹೋಗುತ್ತಾರೆ. ಆ ಕ್ಷಣದ ಮನಸ್ಸು ಅದು. ಕಪ್ಪು ಮೋಡ ಕಂಡರೆ ‘ಇಟ್ಸ್ ಗೋಯಿಂಗ್ ಟು ರೇನ್’. ಮಳೆ ಆಗಲೇ ದಾರಿ ಹಿಡಿದಿದೆ.

ಕಾಲವನ್ನು ದಾರಿಯಂತೆ ನೋಡುವುದರಲ್ಲಿ ಒಂದು ಅಪಾಯವೂ ಇದೆ. ಬುಧವಾರದ ಮೀಟಿಂಗ್ ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಅಂದರೆ ಸೋಮವಾರವೋ ಶುಕ್ರವಾರವೋ? ಇದನ್ನು ಇಂಗ್ಲಿಷ್ ಮಾತಾಡುವವರನ್ನೇ ಕೇಳಿ ಸಂಶೋಧಕರು ಪರೀಕ್ಷಿಸಿದ್ದಾರೆ. ಅವರಲ್ಲೂ ಎರಡು ಪಂಗಡ. ಕಾಲ ನಮ್ಮತ್ತ ಬರುತ್ತಿದೆ ಎಂದು ನೋಡುವವರಿಗೆ ಸೋಮವಾರ, ನಾವು ಮುಂದೆ ಹೋಗುತ್ತಿದ್ದೇವೆ ಎಂದು ನೋಡುವವರಿಗೆ ಶುಕ್ರವಾರ. 2002ರಲ್ಲಿ ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕೆಲ್ ರಾಮ್ಸ್ಕಾರ್ ಪ್ರಕಟಿಸಿದ ಅಧ್ಯಯನದಲ್ಲಿ, ಆಗತಾನೆ ವಿಮಾನ ಇಳಿದವರು, ಯಾರಿಗಾಗಿಯೋ ಕಾಯುತ್ತಾ ನಿಂತವರಿಗಿಂತ ಹೆಚ್ಚಾಗಿ ಶುಕ್ರವಾರ ಅಂದರು. ಕನ್ನಡದಲ್ಲಿ ‘ಮುಂದಕ್ಕೆ ಹಾಕಿದರು’ ಅಂದರೆ ತಡವಾಯಿತು ಎಂದೇ ಅರ್ಥ. ‘ಬ್ರಿಂಗ್ ಫಾರ್ವರ್ಡ್’ ಅಂದರೆ ಇಂಗ್ಲಿಷಿನಲ್ಲಿ ಬೇಗ ಮಾಡುವುದು. ಆಫೀಸಿನ ಮೇಲ್ ಓದುವಾಗ ಇದು ನೆನಪಿರಲಿ.

## ಎಲ್ಲಿ ಹೊಂದುವುದಿಲ್ಲ

‘ಈ’, ‘ಆ’ ಗೊತ್ತಾದರೆ ‘ಗೋ’ ಏಕೆ ‘ವೆಂಟ್’ ಆಯಿತು ಎಂದು ಗೊತ್ತಾಗುವುದಿಲ್ಲ. ಅಂಥವನ್ನು ಬಾಯಿಪಾಠ ಮಾಡಲೇಬೇಕು. ‘ಇಫ್ ಐ ವರ್ ಯು’ ಎಂಬಲ್ಲಿನ ‘ವರ್’ ಕೂಡ ಹಳೆಯ ಕಾಲದ ಉಳಿಕೆ. ಊಹೆಯ ಮಾತಿಗೆಂದೇ ಹಿಂದೆ ಬೇರೆ ರೂಪಗಳಿದ್ದವು. ಬಹುತೇಕ ಎಲ್ಲವೂ ಭೂತಕಾಲದ ರೂಪದಲ್ಲಿ ಬೆರೆತುಹೋದವು, ಇದೊಂದು ನಿಂತಿತು.

ಎರಡು ಭಾಷೆಗಳೂ ಎಲ್ಲ ಕಡೆ ಒಂದೇ ದಾರಿ ಹಿಡಿಯುವುದಿಲ್ಲ ಎಂಬುದು ನಮಗೆ ಅವತ್ತೇ ಗೊತ್ತಾಯಿತು. ಪಾಠ ನಡೆಯುತ್ತಿದ್ದಾಗ ಅತ್ತಿಗೆ ಅಡುಗೆಮನೆಯಿಂದ ಊಟಕ್ಕೆ ಕೂಗಿದರು. ಮಗಳು ಪುಸ್ತಕದಿಂದ ತಲೆ ಎತ್ತದೆ “ಬಂದೆ ಬಂದೆ” ಅಂದಳು. ಆಮೇಲೆ ತಾನೇ ಪೆನ್ಸಿಲ್ ಕೆಳಗಿಟ್ಟಳು.

“ಚಿಕ್ಕಪ್ಪಾ, ನಾನಿನ್ನೂ ಎದ್ದೇ ಇಲ್ಲ. ಬಂದೆ ಅಂದ್ರೆ ‘ಆ’ ರೂಪ ಅಲ್ವಾ?”

ರೂಪ ಅದೇ. ಆದರೆ ಇಲ್ಲಿ ಅದು ದೂರವನ್ನು ಹೇಳುತ್ತಿಲ್ಲ. ಬಂದು ಆಯಿತು ಎಂದೇ ತಿಳಿದುಕೋ ಎಂಬ ಭರವಸೆ ಹೇಳುತ್ತಿದೆ. ಬಸ್ಸು ತಿರುವಿನಲ್ಲಿ ಕಂಡಾಗಲೇ ‘ಬಸ್ ಬಂತು’ ಅನ್ನುವ ಹಾಗೆ. ಇಂಗ್ಲಿಷಿನಲ್ಲಿ ‘ಐ ಕೇಮ್’ ಅಂದರೆ ಯಾರಿಗೂ ಅರ್ಥವಾಗದು.

“ಹಾಗಾದ್ರೆ ಅಮ್ಮನಿಗೆ ಇಂಗ್ಲಿಷಲ್ಲಿ ಏನನ್ಬೇಕು?”

“ಕಮಿಂಗ್ ಅನ್ನು. ಝೂಮ್ ಹಾಕು.”

“ಕಮಿಂಗ್!” ಅಂತ ಕೂಗಿ ಅವಳು ತಟ್ಟೆ ಹಾಕಲು ಓಡಿದಳು.